ದುರ್ಬಲ ಎಂದು ಹೆಸರಾದ ಎಳೆತ

(ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಅವರ ಜೊತೆ ಬಂದಿದ್ದ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಂಡಿದ್ದೇನೆ. ಬೋರ್ಡಿನ ಮೇಲೆ ಬರೆದ ಅಂಕಿಗಳು ಮಾತಿನೊಳಗೇ ಸೇರಿವೆ.)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅನ್ನಕ್ಕಿಟ್ಟ ಎಸರು ಮರಳುತ್ತಿದೆ. ತಳದಿಂದ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಬರುತ್ತಿವೆ. ಆ ಗುಳ್ಳೆಗಳ ಒಳಗೆ ಏನಿದೆ?

(ಸಭೆಯಿಂದ: “ಗಾಳಿ.” “ಆಕ್ಸಿಜನ್.” “ಹೈಡ್ರೋಜನ್, ಆಕ್ಸಿಜನ್ ಎರಡೂ.” “ಆವಿ.”)

ಆವಿ ಎಂದವರದು ಸರಿ. ನೀರು ಬಿಸಿಯೇರುವ ಹೊತ್ತಿಗೆ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಚಿಕ್ಕ ಗುಳ್ಳೆಗಳಲ್ಲಿ ನೀರಿನಲ್ಲಿ ಕರಗಿದ್ದ ಗಾಳಿ ಇರುತ್ತದೆ, ಆದ್ದರಿಂದ ಗಾಳಿ ಎಂದವರಿಗೂ ಅರ್ಧ ಅಂಕ ಕೊಡೋಣ. ಹೈಡ್ರೋಜನ್, ಆಕ್ಸಿಜನ್ ಎಂದವರ ಜೊತೆ ಮಾತ್ರ ಸ್ವಲ್ಪ ಜಗಳವಿದೆ. ನೀವು ಹೇಳಿದ್ದೇ ನಿಜವಾಗಿದ್ದರೆ ನಾಡಿನ ಅಡುಗೆಮನೆಗಳೆಲ್ಲ ದಿನಾ ಬೆಳಗ್ಗೆ ಸಿಡಿಯಬೇಕಿತ್ತು. ಆ ಎರಡು ಅನಿಲ ಬೆರೆತ ಜಾಗದಲ್ಲಿ ಒಂದು ಕಿಡಿ ಸಾಕು.

ನಗಬೇಡಿ, ಈ ಉತ್ತರ ಎಲ್ಲ ಕಡೆಯೂ ಬರುತ್ತದೆ. ಕುದಿಯುವುದೆಂದರೆ ಏನೋ ಒಡೆಯುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ಒಡೆಯುತ್ತಿರುವುದು ಏನು ಎಂಬುದರಲ್ಲಿ ತಪ್ಪುತ್ತೇವೆ. ಲೆಕ್ಕ ನೋಡಿ. 18 ಗ್ರಾಂ ನೀರು ತೆಗೆದುಕೊಳ್ಳೋಣ, ಅಂದರೆ ಒಂದು ಮೋಲ್. ಕುದಿಯುತ್ತಿರುವ ಇಷ್ಟು ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 41 ಕಿಲೋಜೂಲ್ ಶಕ್ತಿ ಬೇಕು. ಇದೇ ನೀರಿನ ಪ್ರತಿ ಅಣುವನ್ನೂ ಹರಿದು ಬಿಡಿ ಬಿಡಿ ಪರಮಾಣು ಮಾಡಬೇಕಾದರೆ 920 ಕಿಲೋಜೂಲ್‌ನಷ್ಟು ಬೇಕು. ಇಪ್ಪತ್ತು ಪಟ್ಟಿಗೂ ಹೆಚ್ಚು. ನಿಮ್ಮ ಒಲೆ ಮಾಡುತ್ತಿರುವುದು ಮೊದಲನೆಯ, ಅಗ್ಗದ ಕೆಲಸವನ್ನು. ಅಣುವಿನ ಒಳಗಿನ ಬಂಧ ಹಾಗೇ ಇದೆ, ಒಂದು ಅಣು ಪಕ್ಕದ ಅಣುವನ್ನು ಎಳೆದುಕೊಂಡಿದ್ದ ಹಿಡಿತ ಮಾತ್ರ ಬಿಟ್ಟಿದೆ. ಇವತ್ತಿನ ಮಾತೆಲ್ಲ ಆ ಹಿಡಿತದ ಬಗ್ಗೆ.

ಈ ಹಿಡಿತವನ್ನು ಅನಿಲಗಳ ಲೆಕ್ಕಕ್ಕೆ ತಂದು ಹೆಸರಾದವರು ಯೋಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್. ಹಾಲೆಂಡಿನ ಲೈಡನ್ ಊರಿನವರು, 1837ರಲ್ಲಿ ಹುಟ್ಟಿದವರು, ಬಡಗಿಯ ಮಗ. ಪ್ರಾಥಮಿಕ ಶಾಲೆಯ ಮೇಷ್ಟರಾಗಿ ಬದುಕು ಶುರು ಮಾಡಿದರು. ಲ್ಯಾಟಿನ್, ಗ್ರೀಕ್ ಬಾರದವರಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಕೂರುವ ಹಕ್ಕೇ ಇರಲಿಲ್ಲ. ಆ ನಿಯಮ ಸಡಿಲವಾದ ಮೇಲೆ, 1873ರಲ್ಲಿ, ಮೂವತ್ತಾರರ ಹತ್ತಿರದ ವಯಸ್ಸಿನಲ್ಲಿ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದರು. ಅಣು ಎಂಬುದು ನಿಜವಾಗಿ ಇದೆಯೇ ಎಂದು ದೊಡ್ಡ ದೊಡ್ಡವರೇ ಅನುಮಾನ ಪಡುತ್ತಿದ್ದ ಕಾಲ ಅದು.

ಅವರ ಮುಂದಿದ್ದ ತೊಡಕು ಇದು. ನಿಮ್ಮ ಪುಸ್ತಕದಲ್ಲಿರುವ ಆದರ್ಶ ಅನಿಲದ ಸಮೀಕರಣವನ್ನು ನಂಬಿದರೆ ಯಾವ ಅನಿಲವೂ ಯಾವತ್ತೂ ದ್ರವವಾಗಕೂಡದು. ಅಲ್ಲಿ ಅಣುಗಳಿಗೆ ಗಾತ್ರವಿಲ್ಲ, ಒಂದಕ್ಕೊಂದರ ಹಂಗಿಲ್ಲ. ಆದರೆ ಫ್ಯಾರಡೆ 1823ರಲ್ಲೇ ಕ್ಲೋರಿನ್ ಅನಿಲವನ್ನು ದ್ರವ ಮಾಡಿ ತೋರಿಸಿದ್ದರು. ಕಾರ್ಬನ್ ಡೈಆಕ್ಸೈಡನ್ನು ಎಷ್ಟೇ ಒತ್ತಿದರೂ 31 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದು ದ್ರವವಾಗುವುದಿಲ್ಲ, ಅದಕ್ಕಿಂತ ಕೆಳಗಾದರೆ ಆಗುತ್ತದೆ ಎಂದು ಥಾಮಸ್ ಆಂಡ್ರೂಸ್ 1869ರಲ್ಲಿ ತೋರಿಸಿದ್ದರು. ವಾನ್ ಡರ್ ವಾಲ್ಸ್ ಹಳೆಯ ಸಮೀಕರಣಕ್ಕೆ ಎರಡು ತಿದ್ದುಪಡಿ ಸೇರಿಸಿದರು. ಅಣುವಿಗೆ ಅದರದೇ ಜಾಗ ಬೇಕು ಎನ್ನುವುದು ಒಂದು. ಅಣುಗಳು ಪರಸ್ಪರ ಎಳೆಯುತ್ತವೆ ಎನ್ನುವುದು ಇನ್ನೊಂದು. ಅಷ್ಟರಿಂದಲೇ ಅನಿಲ ದ್ರವವಾಗುವುದು ಲೆಕ್ಕದಲ್ಲಿ ತಾನಾಗಿ ಬಂತು. ಅವರ ಲೆಕ್ಕಾಚಾರದ ದಾರಿ ಹಿಡಿದೇ ಕಾಮರ್ಲಿಂಗ್ ಓನೆಸ್ 1908ರಲ್ಲಿ, ಅದೇ ಲೈಡನ್ನಿನಲ್ಲಿ, ಹೀಲಿಯಮ್ಮನ್ನು ದ್ರವ ಮಾಡಿದರು. ಮೈನಸ್ 269 ಡಿಗ್ರಿಯಲ್ಲಿ! 1910ರಲ್ಲಿ ವಾನ್ ಡರ್ ವಾಲ್ಸ್‌ಗೆ ನೊಬೆಲ್ ಬಂತು.

ಎಳೆತ ಇದೆ ಎಂದು ಅವರು ಹೇಳಿದರೇ ಹೊರತು ಯಾಕಿದೆ ಎಂದು ಹೇಳಲಿಲ್ಲ. ಆಗ ಅದನ್ನು ಹೇಳುವುದು ಸಾಧ್ಯವೂ ಇರಲಿಲ್ಲ.

ಇನ್ನು ನಿಮ್ಮ ನೋಟ್ಸಿಗೆ ಬರೋಣ. ಅಂತರ-ಅಣು ಬಲಗಳು ಎಂಬ ಪಾಠದಲ್ಲಿ ಒಂದು ಏಣಿ ಬರೆಸಿರುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್ ತುದಿ ಪಕ್ಕದ ಅಣುವಿನ ಆಕ್ಸಿಜನ್‌ನಂಥ ಪರಮಾಣುವಿಗೆ ಅಂಟುವುದು), ಪ್ರಬಲ. ನಡುವೆ ದ್ವಿಧ್ರುವ-ದ್ವಿಧ್ರುವ ಆಕರ್ಷಣೆ, ಸಾಧಾರಣ. ತೀರಾ ಕೆಳಗೆ ಲಂಡನ್ ಬಲ, ಅತ್ಯಂತ ದುರ್ಬಲ. ಪರೀಕ್ಷೆಗೆ ಹೀಗೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಆದರೆ ನಾನು ಇಲ್ಲಿಗೆ ಬಂದಿರುವುದು ಆ ಕೊನೆಯ ಮೆಟ್ಟಿಲಿನ ಪರವಾಗಿ ವಾದಿಸಲು. ಬಿಡಿ ಬಿಡಿ ಅಣುಗಳಿಂದಾದ ಬಹುಪಾಲು ವಸ್ತುಗಳನ್ನು ಒಟ್ಟಿಗೆ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಅದರದ್ದೇ.

ದ್ವಿಧ್ರುವ ಎಂದರೇನು ಗೊತ್ತಲ್ಲ? ಹೈಡ್ರೋಜನ್ ಕ್ಲೋರೈಡ್ ಅಣುವಿನಲ್ಲಿ ಕ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಒಂದು ತುದಿ ಸ್ವಲ್ಪ ಋಣ, ಇನ್ನೊಂದು ಸ್ವಲ್ಪ ಧನ. ಒಂದು ಅಣುವಿನ ಋಣ ತುದಿ ಪಕ್ಕದ ಅಣುವಿನ ಧನ ತುದಿಯನ್ನು ಎಳೆಯುತ್ತದೆ. ಇದು ಸುಲಭ. ಕಷ್ಟವಿರುವುದು ಆರ್ಗಾನ್‌ನಂಥವುಗಳಲ್ಲಿ. ಒಂಟಿ ಪರಮಾಣು, ಎಲ್ಲ ದಿಕ್ಕಿಗೂ ಸಮ, ತುದಿ ಎಂಬುದೇ ಇಲ್ಲ. ಆದರೂ ಆರ್ಗಾನ್ ಮೈನಸ್ 186 ಡಿಗ್ರಿಯಲ್ಲಿ ದ್ರವವಾಗುತ್ತದೆ. ಏನೋ ಎಳೆಯುತ್ತಿದೆ ತಾನೆ? ಯಾವುದು?

ಉತ್ತರಕ್ಕೆ ಕ್ವಾಂಟಮ್ ಸಿದ್ಧಾಂತ ಬರುವವರೆಗೆ ಕಾಯಬೇಕಾಯಿತು. 1930ರಲ್ಲಿ ಫ್ರಿಟ್ಜ್ ಲಂಡನ್ ಎಂಬ ಜರ್ಮನ್ ಭೌತವಿಜ್ಞಾನಿ ಅದನ್ನು ಬಿಡಿಸಿದರು. ಲಂಡನ್ ಬಲ ಎಂದರೆ ಇಂಗ್ಲೆಂಡಿನ ಊರಿಗೂ ಅದಕ್ಕೂ ಸಂಬಂಧವಿಲ್ಲ, ಅದು ಅವರ ಹೆಸರು. ಯಹೂದಿಯಾಗಿದ್ದ ಅವರು 1933ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಹೋಗಬೇಕಾಯಿತು. ಕೊನೆಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು.

ಅವರು ಹೇಳಿದ್ದನ್ನು ಸರಳ ಮಾಡಿ ಹೇಳುತ್ತೇನೆ, ತಜ್ಞರು ಯಾರಾದರೂ ಇದ್ದರೆ ಕ್ಷಮಿಸಿ. ಪರಮಾಣುವಿನ ಎಲೆಕ್ಟ್ರಾನ್ ಮೋಡ ಸರಾಸರಿಯಲ್ಲಿ ಸಮವಾಗಿರುತ್ತದೆ, ಆದರೆ ಯಾವುದೋ ಒಂದು ಕ್ಷಣವನ್ನು ಹಿಡಿದು ನೋಡಿದರೆ ಒಂದು ಕಡೆ ಕೊಂಚ ಹೆಚ್ಚು, ಇನ್ನೊಂದು ಕಡೆ ಕೊಂಚ ಕಡಿಮೆ. ಆ ಕ್ಷಣದ ಮಟ್ಟಿಗೆ ಅದಕ್ಕೂ ಎರಡು ತುದಿ ಬಂದವು. ಅದರಿಂದ ಪಕ್ಕದ ಪರಮಾಣುವಿನ ಮೋಡವೂ ವಾಲುತ್ತದೆ, ಎಳೆತ ಹುಟ್ಟುತ್ತದೆ. ಮರುಕ್ಷಣ ತುದಿಗಳು ಬೇರೆ ಕಡೆ ತಿರುಗಿರುತ್ತವೆ, ಆದರೆ ಎರಡೂ ಮೋಡಗಳು ಒಂದಕ್ಕೊಂದು ಹೊಂದಿಕೊಂಡೇ ತಿರುಗುವುದರಿಂದ ಎಳೆತ ಉಳಿಯುತ್ತದೆ. ಎಲೆಕ್ಟ್ರಾನು ಹೆಚ್ಚಿದ್ದಷ್ಟೂ, ಅವು ಬೀಜಕೇಂದ್ರದಿಂದ ದೂರವಿದ್ದು ಹಿಡಿತ ಸಡಿಲವಾಗಿದ್ದಷ್ಟೂ ಮೋಡ ಸುಲಭವಾಗಿ ವಾಲುತ್ತದೆ, ಎಳೆತ ಹೆಚ್ಚುತ್ತದೆ. ಅಂತರಕ್ಕೆ ಮಾತ್ರ ಈ ಬಲ ಬಹಳ ಸೂಕ್ಷ್ಮ. ಅಂತರ ಎರಡು ಪಟ್ಟಾದರೆ ಈ ಎಳೆತದ ಶಕ್ತಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಹಲ್ಲಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಸಾಕ್ಷಿ. ಮೂರು ಅಣು ತೆಗೆದುಕೊಳ್ಳಿ: ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಬ್ರೋಮೈಡ್, ಹೈಡ್ರೋಜನ್ ಅಯೊಡೈಡ್. ಮೂರೂ ದ್ವಿಧ್ರುವಗಳೇ. ಅವುಗಳ ದ್ವಿಧ್ರುವ ಮಹತ್ವವನ್ನು, ಅಂದರೆ ಎರಡು ತುದಿಗಳ ಧನ-ಋಣ ಎಷ್ಟು ಪ್ರಬಲ ಎಂಬುದನ್ನು, ಡಿಬೈ ಎಂಬ ಮಾನದಲ್ಲಿ ಅಳೆಯುತ್ತಾರೆ. ಕ್ಲೋರೈಡಿನದು ಸುಮಾರು 1.1, ಬ್ರೋಮೈಡಿನದು 0.8, ಅಯೊಡೈಡಿನದು 0.4. ಅಂದರೆ ಕ್ರಮವಾಗಿ ಇಳಿಯುತ್ತಿದೆ. ಏಣಿಯನ್ನು ನಂಬಿದವರು ಕುದಿಯುವ ಬಿಂದುವೂ ಇಳಿಯಬೇಕು ಎನ್ನುತ್ತಾರೆ. ಅಲ್ಲವೇ?

(ಸಭೆಯಿಂದ: “ಹೌದು.”)

ನಿಜವಾದ ಅಂಕಿ ಹೀಗಿದೆ. ಕ್ಲೋರೈಡ್ ಮೈನಸ್ 85, ಬ್ರೋಮೈಡ್ ಮೈನಸ್ 67, ಅಯೊಡೈಡ್ ಮೈನಸ್ 35. ಏರುತ್ತಿದೆ! ದ್ವಿಧ್ರುವ ಕುಗ್ಗಿದರೂ ಅಣುಗಳ ಹಿಡಿತ ಬಿಗಿಯಾಗುತ್ತಿದೆ. ಅಯೊಡಿನ್‌ಗೆ ಎಲೆಕ್ಟ್ರಾನುಗಳು ಜಾಸ್ತಿ, ಅದರ ಮೋಡ ದೊಡ್ಡದು, ಸಡಿಲ. ದ್ವಿಧ್ರುವದಲ್ಲಿ ಕಳೆದುಕೊಂಡದ್ದನ್ನು ಲಂಡನ್ ಬಲ ತುಂಬಿಕೊಟ್ಟು ಮೇಲೆ ಇನ್ನಷ್ಟು ಸೇರಿಸಿದೆ. ಹೈಡ್ರೋಜನ್ ಕ್ಲೋರೈಡಿನಂಥ ಹೆಸರಾಂತ ದ್ವಿಧ್ರುವ ಅಣುವಿನಲ್ಲೂ ಲಂಡನ್ ಬಲದ ಪಾಲೇ ದೊಡ್ಡದು. ಸಾಧಾರಣ ಎನಿಸಿಕೊಂಡದ್ದು ಕಡಿಮೆ ದುಡಿದಿದೆ, ದುರ್ಬಲ ಎನಿಸಿಕೊಂಡದ್ದು ಹೆಚ್ಚು.

ದ್ವಿಧ್ರುವವೇ ಇಲ್ಲದ ಕಡೆ ನೋಡಿದರೆ ಇನ್ನೂ ಸ್ಪಷ್ಟ. ಫ್ಲೂರಿನ್, ಕ್ಲೋರಿನ್ ಅನಿಲಗಳು, ಬ್ರೋಮಿನ್ ದ್ರವ, ಅಯೊಡಿನ್ ಘನ. ನಾಲ್ಕರಲ್ಲೂ ಇರುವುದು ಲಂಡನ್ ಬಲ ಮಾತ್ರ. ಪೆಟ್ರೋಲಿನ ಸರಣಿಯ ಆಕ್ಟೇನ್ ತೆಗೆದುಕೊಳ್ಳಿ. ಹೈಡ್ರೋಜನ್ ಬಂಧ ಇಲ್ಲ, ಹೇಳಿಕೊಳ್ಳುವಂಥ ದ್ವಿಧ್ರುವ ಇಲ್ಲ, ಕುದಿಯುವುದು 126 ಡಿಗ್ರಿಯಲ್ಲಿ. ನೀರಿಗಿಂತ ಮೇಲೆ. ಅನ್ಯಾಯದ ಹೋಲಿಕೆ, ಆಕ್ಟೇನ್ ಅಣು ನೀರಿಗಿಂತ ಆರು ಪಟ್ಟು ಭಾರ ಎಂದು ನೀವು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಲಂಡನ್ ಬಲ ಗೆಲ್ಲುವುದೇ ಹಾಗೆ. ಒಂದು ಜಾಗದಲ್ಲಿ ಅದರ ಎಳೆತ ಅತ್ಯಲ್ಪ. ಆದರೆ ಅಣು ಉದ್ದವಾದಷ್ಟೂ, ಪಕ್ಕದ ಅಣುವಿಗೆ ತಾಗುವ ಮೈ ಹೆಚ್ಚಿದಷ್ಟೂ ಅದು ಕೂಡಿಕೊಳ್ಳುತ್ತ ಹೋಗುತ್ತದೆ.

ಹಲ್ಲಿಯ ಕಥೆ ಇದೇ. ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುತ್ತೇವೆ, ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುತ್ತೇವೆ. ಅದು ಬೀಳದೆ ಸೂರಿನಲ್ಲಿ ತಲೆಕೆಳಗಾಗಿ ಹೇಗೆ ನಿಂತಿದೆ ಎಂದು ಕೇಳುವುದಿಲ್ಲ. ಅದರ ಪಾದದಲ್ಲಿ ಅಂಟೂ ಇಲ್ಲ, ಗಾಳಿ ಹೀರುವ ಬಟ್ಟಲೂ ಇಲ್ಲ. ಆಗ್ನೇಯ ಏಷ್ಯಾದಲ್ಲೂ ನಮ್ಮ ಈಶಾನ್ಯ ರಾಜ್ಯಗಳಲ್ಲೂ ಇರುವ ಟೊಕೆ ಎಂಬ ದೊಡ್ಡ ಹಲ್ಲಿಯ ಒಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ. ಒಂದೊಂದು ರೋಮದ ತುದಿಯೂ ನೂರಾರು ಕವಲಾಗಿ ಒಡೆದಿದೆ. ಕವಲಿನ ತುದಿಯ ಅಗಲ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗದಷ್ಟು. ನಮ್ಮ ಕೈಯನ್ನು ಗೋಡೆಗೆ ಎಷ್ಟೇ ಒತ್ತಿದರೂ ಅಣುಗಳ ಲೆಕ್ಕದಲ್ಲಿ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ. ಹಲ್ಲಿಯ ಕವಲುಗಳು ಗೋಡೆಯ ಪ್ರತಿ ತಗ್ಗಿಗೂ ಇಳಿದು ಮೈ ತಾಗಿಸುತ್ತವೆ. ಅಂತರ ಕಡಿಮೆಯಾದರೆ ಬಲ ಹೇಗೆ ಏರುತ್ತದೆ ಎಂದು ಆಗಲೇ ಹೇಳಿದೆನಲ್ಲ.

ಅಮೆರಿಕದ ಕೆಲ್ಲರ್ ಆಟಮ್ ಮತ್ತು ಜೊತೆಗಾರರು 2000ದಲ್ಲಿ ಒಂದೇ ಒಂದು ರೋಮದ ಹಿಡಿತವನ್ನು ಅಳೆದರು. ಆ ಲೆಕ್ಕದಂತೆ ಎಲ್ಲ ರೋಮಗಳೂ ಒಮ್ಮೆಗೇ ಪೂರ್ತಿ ಹಿಡಿದರೆ ನೂರು ಕಿಲೋಗೂ ಹೆಚ್ಚು ಭಾರ ತಡೆಯಬಹುದು. ಬಹುಶಃ ನೀರಿನ ತೆಳುಪದರ ಅಂಟಿಸುತ್ತಿರಬೇಕು ಎಂಬ ಅನುಮಾನವಿತ್ತು. 2002ರಲ್ಲಿ ನೀರನ್ನು ಹತ್ತಿರ ಸೇರಿಸದ ಮೈ, ನೀರನ್ನು ಎಳೆದುಕೊಳ್ಳುವ ಮೈ ಎರಡರ ಮೇಲೂ ನೋಡಿದರು. ಎರಡಕ್ಕೂ ಚೆನ್ನಾಗಿಯೇ ಅಂಟಿತು. ಮುಖ್ಯ ಕೆಲಸ ವಾನ್ ಡರ್ ವಾಲ್ಸ್ ಬಲದ್ದು (ಲಂಡನ್ ಬಲವೂ ಅದರಲ್ಲೇ ಸೇರಿದೆ) ಎನ್ನುವ ವಾದಕ್ಕೆ ಅಲ್ಲಿ ಬಲ ಬಂತು. ಇಷ್ಟು ಬಿಗಿ ಹಿಡಿದದ್ದು ಕಾಲು ಕೀಳುವುದು ಹೇಗೆ? ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಸುತ್ತುತ್ತ ಎತ್ತುತ್ತದೆ. ರೋಮದ ಕೋನ ಬದಲಾದ ಕೂಡಲೇ ಹಿಡಿತ ಒಂದೊಂದಾಗಿ ಬಿಡುತ್ತದೆ.

ಇದೇ ಹಲ್ಲಿ ಒಣಗಿದ ಟೆಫ್ಲಾನ್ ಮೇಲೆ ಜಾರುತ್ತದೆ. ನಾನ್‌ಸ್ಟಿಕ್ ಕಾವಲಿಗೆ ದೋಸೆ ಅಂಟದಿರುವುದಕ್ಕೂ ಹಲ್ಲಿ ಜಾರುವುದಕ್ಕೂ ಕಾರಣ ಒಂದೇ. ಟೆಫ್ಲಾನ್ ಅಣುವಿನ ಮೈಗೆಲ್ಲ ಫ್ಲೂರಿನ್ ಹೊದಿಸಿದೆ. ಫ್ಲೂರಿನ್ ತನ್ನ ಎಲೆಕ್ಟ್ರಾನುಗಳನ್ನು ಅಲ್ಲಾಡಲು ಬಿಡದಂತೆ ಹಿಡಿದುಕೊಂಡಿರುತ್ತದೆ. ಮೋಡ ಹೆಚ್ಚು ವಾಲುವುದಿಲ್ಲ, ಹುಟ್ಟುವ ಎಳೆತ ತೀರಾ ಕಡಿಮೆ.

(ಒಬ್ಬ ತಾಯಿಯ ಪ್ರಶ್ನೆ: “ಸರ್, ತುಪ್ಪ ಗಟ್ಟಿಯಾಗುತ್ತೆ, ಸೂರ್ಯಕಾಂತಿ ಎಣ್ಣೆ ಯಾವ ಚಳಿಗೂ ಗಟ್ಟಿಯಾಗಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?”)

ಇದೆ ತಾಯಿ. ನಾನು ಹೇಳಬೇಕೆಂದಿದ್ದುದನ್ನು ನೀವೇ ಕೇಳಿದಿರಿ. ತುಪ್ಪವಿರಲಿ ಎಣ್ಣೆಯಿರಲಿ, ಅಣುವಿನ ಕಟ್ಟಡ ಒಂದೇ: ಒಂದು ಗ್ಲಿಸರಾಲ್, ಅದಕ್ಕೆ ಮೂರು ಉದ್ದನೆಯ ಕೊಬ್ಬಿನಾಮ್ಲದ ಸರಪಳಿ. ಸ್ಟಿಯರಿಕ್ ಆಮ್ಲ, ಓಲಿಯಿಕ್ ಆಮ್ಲ ಎಂಬ ಎರಡು ಸರಪಳಿಗಳನ್ನು ನೋಡಿ. ಎರಡರಲ್ಲೂ 18 ಕಾರ್ಬನ್. ವ್ಯತ್ಯಾಸ ಎಂದರೆ ಓಲಿಯಿಕ್‌ನ ನಡುವೆ ಒಂದು ದ್ವಿಬಂಧವಿದೆ (ಎರಡು ಕಾರ್ಬನ್‌ಗಳ ನಡುವೆ ಒಂದರ ಬದಲು ಎರಡು ಬಂಧ), ಅಲ್ಲಿ ಸರಪಳಿ ಮೊಣಕೈ ಬಾಗಿದ ಹಾಗೆ ಬಾಗಿದೆ. ಅಷ್ಟಕ್ಕೇ ಸ್ಟಿಯರಿಕ್ ಕರಗುವುದು 69 ಡಿಗ್ರಿಯಲ್ಲಿ, ಓಲಿಯಿಕ್ 13ರಿಂದ 16 ಡಿಗ್ರಿಯಲ್ಲಿ! ನೇರ ಸರಪಳಿಗಳು ಉದ್ದಕ್ಕೂ ಮೈಗೆ ಮೈ ತಾಗಿಸಿ ಒತ್ತಾಗಿ ಕೂರುತ್ತವೆ, ಲಂಡನ್ ಬಲ ಪ್ರತಿ ಕಾರ್ಬನ್ನಿನಲ್ಲೂ ಹಿಡಿಯುತ್ತದೆ. ಬಾಗಿದವು ನಡುವೆ ಸಂದು ಬಿಡುತ್ತವೆ. ಸೂರ್ಯಕಾಂತಿ ಎಣ್ಣೆಯಲ್ಲಿ ಎರಡು ಕಡೆ ಬಾಗಿದ ಲಿನೋಲಿಯಿಕ್ ಆಮ್ಲ ಬಹಳ, ಅದು ಕರಗುವುದು ಮೈನಸ್ 5ರ ಆಸುಪಾಸಿನಲ್ಲಿ. ತುಪ್ಪದಲ್ಲಿ ನೇರ ಸರಪಳಿಗಳ ಪಾಲು ಹೆಚ್ಚು. ಬೆಣ್ಣೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ತುಪ್ಪ ಮರಳು ಮರಳಾಗುತ್ತದಲ್ಲ, ಆ ಒಂದೊಂದು ಮರಳೂ ಹೆಚ್ಚು ತಾಪಕ್ಕೆ ಕರಗುವ ಕೊಬ್ಬು ಮೊದಲು ಒಟ್ಟುಗೂಡಿ ಕಟ್ಟಿದ ಹರಳು.

ಕೊಬ್ಬರಿ ಎಣ್ಣೆಯ ಸರಪಳಿಗಳೂ ನೇರವಾಗಿವೆ, ಆದರೆ ಗಿಡ್ಡ. ಅದರಲ್ಲಿ ಅರ್ಧದಷ್ಟು 12 ಕಾರ್ಬನ್ನಿನ ಲಾರಿಕ್ ಆಮ್ಲ. ನೇರವಾಗಿರುವುದರಿಂದ ಗಟ್ಟಿಯಾಗಬಲ್ಲದು, ಗಿಡ್ಡವಾಗಿರುವುದರಿಂದ ಸುಮಾರು 24 ಡಿಗ್ರಿಗೇ ಕರಗಿಬಿಡುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಗಟ್ಟಿಯಾಗುವ ಬಾಟಲಿ ಮಂಗಳೂರಿಗೆ ಒಯ್ದರೆ ನೀರಾಗುವುದು ಅದಕ್ಕೇ.

ವನಸ್ಪತಿ ಹುಟ್ಟಿದ್ದೂ ಈ ಬಾಗಿನಿಂದ. ಅಗ್ಗದ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ದ್ವಿಬಂಧಗಳನ್ನು ತುಂಬಿದರೆ ಸರಪಳಿ ನೆಟ್ಟಗಾಗುತ್ತದೆ, ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಅರ್ಧಂಬರ್ಧ ಮಾಡಿದರೆ ಒಂದು ಎಡವಟ್ಟಾಗುತ್ತದೆ. ಕೆಲವು ದ್ವಿಬಂಧಗಳು ತುಂಬಿಕೊಳ್ಳದೆ ಬರೀ ದಿಕ್ಕು ಬದಲಿಸುತ್ತವೆ, ಬಾಗು ಹೋಗಿ ಸರಪಳಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಇವೇ ಟ್ರಾನ್ಸ್ ಕೊಬ್ಬು. ಹೃದಯಕ್ಕೆ ಕೆಟ್ಟದ್ದು. ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ 2ಕ್ಕಿಂತ ಹೆಚ್ಚಿರಬಾರದೆಂದು 2022ರ ಜನವರಿಯಿಂದ ನಮ್ಮ ದೇಶದಲ್ಲಿ ನಿಯಮವಿದೆ.

ಸಿಲಿಂಡರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ, ಬ್ಯೂಟೇನ್ ಸೊನ್ನೆಯ ಹತ್ತಿರ. ಹೊರಗೆ ಬಿಟ್ಟರೆ ಅನಿಲ. ಒತ್ತಡ ಹಾಕಿ ಅಣುಗಳನ್ನು ಹತ್ತಿರ ತಂದರೆ ಲಂಡನ್ ಬಲ ಹಿಡಿದುಕೊಳ್ಳುತ್ತದೆ, ದ್ರವವಾಗುತ್ತದೆ, 14.2 ಕಿಲೋ ಅಷ್ಟು ಚಿಕ್ಕ ಡಬ್ಬದಲ್ಲಿ ಕೂರುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರ್ ಹೊರಮೈ ಬೆವರುವುದನ್ನು, ಕೆಲವೊಮ್ಮೆ ಹಿಮ ಕಟ್ಟುವುದನ್ನು ನೋಡಿದ್ದೀರಲ್ಲ? ಅಣುಗಳು ಆ ಹಿಡಿತ ಬಿಡಿಸಿಕೊಂಡು ಹೊರಡಲು ಶಕ್ತಿ ಬೇಕು, ಅದನ್ನು ಸಿಲಿಂಡರಿನಿಂದಲೇ ಎಳೆದುಕೊಳ್ಳುತ್ತವೆ.

ಹೈಡ್ರೋಜನ್ ಬಂಧಕ್ಕೆ ಅನ್ಯಾಯ ಮಾಡಿ ಹೋಗಲಾರೆ. ಆಕ್ಸಿಜನ್, ಸಲ್ಫರ್, ಸೆಲೆನಿಯಮ್, ಟೆಲ್ಯೂರಿಯಮ್ ಒಂದೇ ಗುಂಪಿನವು. ಅವು ಹೈಡ್ರೋಜನ್ ಜೊತೆ ಸೇರಿ ಆಗುವ ಹೈಡ್ರೈಡುಗಳನ್ನು ಕೆಳಗಿನಿಂದ ನೋಡಿದರೆ ಟೆಲ್ಯೂರಿಯಮ್ಮಿನದು ಮೈನಸ್ 2ಕ್ಕೆ, ಸೆಲೆನಿಯಮ್ಮಿನದು ಮೈನಸ್ 41ಕ್ಕೆ, ಸಲ್ಫರಿನದು ಮೈನಸ್ 60ಕ್ಕೆ ಕುದಿಯುತ್ತದೆ. ಲಂಡನ್ ಬಲ ಕುಗ್ಗುತ್ತ ಬಂದ ಸಾಲು ಇದು. ಸಾಲು ತಪ್ಪದಿದ್ದರೆ ನೀರು ಅದಕ್ಕೂ ಕೆಳಗೆ ಕುದಿಯಬೇಕಿತ್ತು, ಭೂಮಿಯ ಮೇಲೆ ಕಡಲೇ ಇರುತ್ತಿರಲಿಲ್ಲ. ಆಕ್ಸಿಜನ್ ಎಳೆದುಕೊಂಡ ಮೇಲೆ ಹೈಡ್ರೋಜನ್‌ಗೆ ಮೈಮುಚ್ಚಲು ಒಳಗಿನ ಎಲೆಕ್ಟ್ರಾನುಗಳೇ ಇರುವುದಿಲ್ಲ. ಬೆತ್ತಲಾದ ಆ ಧನ ತುದಿಗೆ ಪಕ್ಕದ ಅಣುವಿನ ಆಕ್ಸಿಜನ್ ತೀರಾ ಹತ್ತಿರ ಬಂದು ನಿಲ್ಲುತ್ತದೆ. ಇದನ್ನು ನೀವು ಓದಿದ್ದೀರಿ, ಬಿಡುತ್ತೇನೆ.

ನೀವು ಓದಿರಲಾರದ್ದು ಇನ್ನೊಂದಿದೆ. ಹೈಡ್ರೋಜನ್ ಬಂಧಕ್ಕೆ ಫ್ಲೂರಿನ್, ಆಕ್ಸಿಜನ್, ನೈಟ್ರೋಜನ್ ಈ ಮೂರೇ ಆಗಬೇಕು ಎಂದು ಬಾಯಿಪಾಠ ಮಾಡಿಸುತ್ತಾರೆ. ಅಂತರರಾಷ್ಟ್ರೀಯ ರಸಾಯನವಿಜ್ಞಾನ ಒಕ್ಕೂಟ 2011ರಲ್ಲಿ ಹೈಡ್ರೋಜನ್ ಬಂಧದ ವ್ಯಾಖ್ಯೆಯನ್ನೇ ಹೊಸದಾಗಿ ಬರೆಸಿತು. ಆ ತಂಡವನ್ನು ಮುನ್ನಡೆಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು. ಹೊಸ ವ್ಯಾಖ್ಯೆಯಲ್ಲಿ ಆ ಮೂರರ ಪಟ್ಟಿ ಇಲ್ಲ. ಹೈಡ್ರೋಜನ್‌ಗೆ ಕಟ್ಟಿಕೊಂಡ ಪರಮಾಣು ಎಲೆಕ್ಟ್ರಾನನ್ನು ಹೈಡ್ರೋಜನ್‌ಗಿಂತ ಹೆಚ್ಚು ಎಳೆಯುವಂಥದ್ದಾಗಿರಬೇಕು, ಬಂಧ ಏರ್ಪಟ್ಟಿರುವುದಕ್ಕೆ ಪುರಾವೆ ಇರಬೇಕು, ಅಷ್ಟೇ. ಹೈಡ್ರೋಜನ್ ಸಲ್ಫೈಡಿನ ವಿಷಯದಲ್ಲಿ ಇದು ಸ್ವಾರಸ್ಯ. ಮಂಜುಗಡ್ಡೆಯಲ್ಲಿ ಪ್ರತಿ ನೀರಿನ ಅಣುವಿಗೂ ನಾಲ್ಕೇ ನೆರೆಯವರು, ಘನ ಹೈಡ್ರೋಜನ್ ಸಲ್ಫೈಡಿನಲ್ಲಿ ಹನ್ನೆರಡು. ಆದ್ದರಿಂದ ನೆರೆಯವರನ್ನು ಗೊತ್ತಾದ ದಿಕ್ಕುಗಳಲ್ಲೇ ನಿಲ್ಲಿಸುವ ಹೈಡ್ರೋಜನ್ ಬಂಧ ಅಲ್ಲಿಲ್ಲ ಎಂದು ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ತೀರ್ಮಾನಿಸಿದ್ದರು, ಪಠ್ಯಗಳು ಅದನ್ನೇ ಹೇಳಿಕೊಂಡು ಬಂದವು. ಅರುಣನ್ ಮತ್ತು ಸಂಗಡಿಗರು 2018ರಲ್ಲಿ ಅತಿ ಕಡಿಮೆ ತಾಪದಲ್ಲಿ ಎರಡೇ ಎರಡು ಹೈಡ್ರೋಜನ್ ಸಲ್ಫೈಡ್ ಅಣುಗಳ ಜೋಡಿಯ ರೋಹಿತವನ್ನು (ಅದು ಯಾವ ಯಾವ ಅಲೆಗಳಿಗೆ ಸ್ಪಂದಿಸುತ್ತದೆ ಎಂಬ ಗುರುತನ್ನು) ಓದಿ ತೋರಿಸಿದರು: ಅವು ನೀರಿನ ಜೋಡಿಯ ಹಾಗೆಯೇ ಹೈಡ್ರೋಜನ್ ಬಂಧದಿಂದ ಸೇರಿವೆ. ಬಂಧ ಇದೆ, ಆದರೆ ಸಣ್ಣದು. ನಮ್ಮ ವಾತಾವರಣದ ತಾಪದಲ್ಲಿ ಅಣುಗಳ ಕುಣಿತಕ್ಕೆ ನಿಲ್ಲುವಷ್ಟು ಗಟ್ಟಿಯಲ್ಲ. ಏಣಿಯ ಮೆಟ್ಟಿಲುಗಳ ನಡುವೆ ಗೋಡೆ ಕಟ್ಟಿಲ್ಲ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಎಲ್ಲದರ ಬೇರೂ ಧನ-ಋಣಗಳ ಎಳೆತವೇ.

ಎಳೆತದ ಮಾತನ್ನೇ ಆಡುತ್ತಿದ್ದರೆ ಎಲ್ಲವೂ ಒಂದರೊಳಗೊಂದು ಕುಸಿಯಬೇಡವೇ ಎಂದು ಯಾರೋ ಕೇಳಿದಿರಿ. ವಾನ್ ಡರ್ ವಾಲ್ಸ್ ಹೇಳಿದ ಮೊದಲ ತಿದ್ದುಪಡಿ ನೆನಪಿಸಿಕೊಳ್ಳಿ, ಅಣುವಿಗೆ ಅದರದೇ ಜಾಗ. ಒಂದು ಮಿತಿ ದಾಟಿ ಹತ್ತಿರ ಹೋದರೆ ಮೋಡಗಳು ಜೋರಾಗಿ ತಳ್ಳುತ್ತವೆ. ಆ ಮಿತಿಗಳನ್ನಷ್ಟೇ ಇಟ್ಟುಕೊಂಡು ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ 1963ರಲ್ಲಿ ಮದರಾಸಿನಿಂದ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನ್ ಸರಪಳಿ ಎಷ್ಟೆಷ್ಟು ಕೋನಕ್ಕೆ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದಿಲ್ಲ ಎಂದು ಅದು ತೋರಿಸುತ್ತದೆ. ಜಗತ್ತಿನಲ್ಲಿ ಯಾರೇ ಪ್ರೋಟೀನಿನ ರಚನೆ ಬಿಡಿಸಲಿ, ಸರಿಯಿದೆಯೇ ಎಂದು ಇವತ್ತಿಗೂ ಆ ನಕ್ಷೆಗೆ ಹಿಡಿದು ನೋಡುತ್ತಾರೆ. ರಾಮಚಂದ್ರನ್ ಆಮೇಲೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

(ಕೊನೆಯ ಪ್ರಶ್ನೆ, ಹಿರಿಯರೊಬ್ಬರಿಂದ: “ಕರ್ಪೂರ ಡಬ್ಬಿಯಲ್ಲೇ ಕರಗಿಹೋಗುತ್ತೆ. ನಮ್ಮ ಮನೆಯಲ್ಲಿ ನಾಲ್ಕು ಮೆಣಸಿನ ಕಾಳು ಹಾಕಿಡ್ತಾರೆ. ಅದರಿಂದ ಉಪಯೋಗ ಇದೆಯಾ?”)

ಕರ್ಪೂರದ ಅಣು ಹೆಚ್ಚುಕಡಿಮೆ ದುಂಡಗಿದೆ ಸ್ವಾಮಿ. ತುಪ್ಪದ ಸರಪಳಿಯ ಹಾಗೆ ಉದ್ದಕ್ಕೂ ಮೈ ತಾಗಿಸಲು ಅದಕ್ಕೆ ಆಗುವುದಿಲ್ಲ. ಆದ್ದರಿಂದ ಮೇಲ್ಮೈಯ ಅಣುಗಳು ದ್ರವವಾಗದೆ ನೇರವಾಗಿ ಗಾಳಿಗೆ ಹಾರುತ್ತವೆ, ನಮಗೆ ವಾಸನೆ ಬರುವುದೂ ಅವು ಹಾರಿ ಬಂದದ್ದರಿಂದಲೇ. ಮುಚ್ಚಿದ ಡಬ್ಬಿಯಲ್ಲಿ ಒಳಗಿನ ಗಾಳಿ ಕರ್ಪೂರದ ಆವಿಯಿಂದ ತುಂಬಿದ ಮೇಲೆ ಹಾರಿದಷ್ಟೇ ಅಣುಗಳು ಮರಳಿ ಬಂದು ಕೂರುತ್ತವೆ, ನಷ್ಟ ನಿಲ್ಲುತ್ತದೆ. ಮುಚ್ಚಳ ಸಡಿಲವಿದ್ದರೆ ಆವಿ ಹೊರಗೆ ಹೋಗುತ್ತಲೇ ಇರುತ್ತದೆ. ಮೆಣಸು ಸಾರಿಗಿರಲಿ, ಡಬ್ಬಿಗೆ ಬಿಗಿಯಾದ ತಿರುಪಿನ ಮುಚ್ಚಳ ಹಾಕಿ.